ನೀರು ಮೇಲಕ್ಕೆ ಹತ್ತುತ್ತಾ ಸಾರ್?

ಕಳೆದ ಮಳೆಗಾಲದ ಒಂದು ರಾತ್ರಿ. ಮರುದಿನ ನಾಲ್ಕನೇ ಸೆಮಿಸ್ಟರಿನ ಪರೀಕ್ಷೆ. ಎರಡು ಗಂಟೆ ಸುರಿದ ಮಳೆಗೆ ನಮ್ಮ ಬಾಡಿಗೆ ರೂಮಿನೊಳಗೆ ಚರಂಡಿ ನೀರು ನುಗ್ಗಿತು. ಚಾಪೆಯ ಮೇಲೆ ಹರಡಿಕೊಂಡಿದ್ದ ನೋಟ್ಸೆಲ್ಲ ಒದ್ದೆ. ನಾವು ಮೂವರೂ ಪುಸ್ತಕ, ಲ್ಯಾಪ್‌ಟಾಪ್ ಎತ್ತಿಕೊಂಡು ಮಹಡಿ ಮೆಟ್ಟಿಲ ಮೇಲೆ ಕೂತು ಬೆಳಗು ಮಾಡಿದೆವು.

ಬೆಳಿಗ್ಗೆ ಚರಂಡಿ ಬಿಡಿಸಲು ಒಬ್ಬರು ಬಂದರು. ಐವತ್ತು ದಾಟಿರಬಹುದು. ಕೈಗೆ ಗ್ಲೌಸ್ ಇಲ್ಲ, ಕಾಲಿಗೆ ಬೂಟಿಲ್ಲ. ತೊಡೆಮಟ್ಟದ ಕೊಳಚೆಯಲ್ಲಿ ನಿಂತು ಬಕೆಟ್ಟಿನಲ್ಲಿ ಹೂಳು ಎತ್ತುತ್ತಿದ್ದರು. ನಾನು ಮೆಟ್ಟಿಲ ಮೇಲೆ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದೆ, ಸ್ಟೇಟಸ್‌ಗೆ ಹಾಕಲು. ಅವರು ತಲೆಯೆತ್ತಿ, ‘ಏನ್ ಓದ್ತಿದೀರಾ?’ ಎಂದರು. ಸಿವಿಲ್ ಎಂಜಿನಿಯರಿಂಗ್ ಎಂದೆ. ‘ಹಂಗಾದ್ರೆ ನೀವೇ ಹೇಳಿ, ನೀರು ಮೇಲಕ್ಕೆ ಹತ್ತುತ್ತಾ ಸಾರ್?’ ಎಂದು ಮತ್ತೆ ಬಗ್ಗಿದರು. ನನಗೆ ಅರ್ಥವಾಗಲಿಲ್ಲ. ಆದರೆ ಮೊಬೈಲು ಜೇಬಿಗೆ ಹೋಯಿತು.

ಆ ಮಾತು ತಲೆಯಲ್ಲಿ ಕೂತಿದ್ದಾಗಲೇ ಕಾಲೇಜು ಲೈಬ್ರರಿಯಲ್ಲಿ ಸಿಂಧೂ ನಾಗರಿಕತೆಯ ಮೇಲಿನ ಪುಸ್ತಕವೊಂದು ಕೈಗೆ ಸಿಕ್ಕಿತು. ಹೈಸ್ಕೂಲಿನಲ್ಲಿ ‘ಹರಪ್ಪ ನಗರ ಯೋಜನೆಯ ಲಕ್ಷಣಗಳನ್ನು ಬರೆಯಿರಿ’ ಎಂಬ ಪ್ರಶ್ನೆಗೆ ಎಷ್ಟು ಸಲ ಬಾಯಿಪಾಠ ಒಪ್ಪಿಸಿದ್ದೇನೋ! ಈ ಸಲ ಸಿವಿಲ್ ವಿದ್ಯಾರ್ಥಿಯ ಕಣ್ಣಲ್ಲಿ ಓದಿದೆ.

ಕ್ರಿಸ್ತಪೂರ್ವ 2600ರ ಸುಮಾರಿಗೆ ಈ ನಗರಗಳು ಉಚ್ಛ್ರಾಯಕ್ಕೆ ಬಂದವು. ಸಿಂಧೂ ನದಿ ಪ್ರತಿವರ್ಷ ಉಕ್ಕಿ ಬಯಲಿಗೆ ಹೂಳು ತಂದು ಹಾಕುತ್ತಿತ್ತು. ಆ ಮಣ್ಣಿನಲ್ಲಿ ಗೋಧಿ, ಬಾರ್ಲಿ ಮನೆಮಂದಿ ಉಂಡು ಮಿಗುವಷ್ಟು ಬೆಳೆಯಿತು. ಕಾಳು ಮಿಕ್ಕಿತು ಎಂದರೆ ಎಲ್ಲರೂ ಹೊಲದಲ್ಲೇ ಇರಬೇಕಿಲ್ಲ. ಒಬ್ಬ ಮಣಿ ಕೊರೆಯಬಹುದು, ಒಬ್ಬ ಇಟ್ಟಿಗೆ ಸುಡಬಹುದು, ಇನ್ನೊಬ್ಬ ತೂಕದ ಕಲ್ಲು ಕೆತ್ತಬಹುದು. ಊರು ನಗರವಾಗಿದ್ದು ಹೀಗೆ. ಆದರೆ ಅನ್ನ ಕೊಟ್ಟ ನದಿಯೇ ಮನೆಗೂ ನುಗ್ಗಬಲ್ಲದು. ಅದಕ್ಕೇ ಮೊಹೆಂಜೊದಾರೊದವರು ಮೊದಲು ಮಣ್ಣು, ಹಸಿ ಇಟ್ಟಿಗೆಗಳಿಂದ ಎತ್ತರದ ಜಗುಲಿ ಕಟ್ಟಿ, ಅದರ ಮೇಲೆ ಊರು ಕಟ್ಟಿದರು. ನಾವು ಕೆರೆಯಂಗಳಕ್ಕೆ ಮಣ್ಣು ತುಂಬಿ ಲೇಔಟ್ ಮಾಡುತ್ತೇವೆ.

ಅವರ ಇಟ್ಟಿಗೆಯ ದಪ್ಪ, ಅಗಲ, ಉದ್ದಗಳ ಅನುಪಾತ 1:2:4. ನೂರಾರು ಕಿಲೋಮೀಟರ್ ದೂರದ ಊರುಗಳಲ್ಲೂ ಅದೇ ಲೆಕ್ಕ. ಒಂದು ವರಸೆ ಉದ್ದುದ್ದ, ಅದರ ಮೇಲಿನದು ಅಡ್ಡಡ್ಡ ಇಟ್ಟು ಗೋಡೆ ಏರಿಸುವುದನ್ನು ನಮಗೆ ‘ಇಂಗ್ಲಿಷ್ ಬಾಂಡ್’ ಎಂದು ಕಲಿಸುತ್ತಾರೆ. ಇಂಗ್ಲೆಂಡ್ ಎಂಬ ಹೆಸರು ಹುಟ್ಟುವ ಸಾವಿರಾರು ವರ್ಷ ಮೊದಲೇ ಹರಪ್ಪದ ಗಾರೆ ಕೆಲಸದವರಿಗೆ ಅದು ಗೊತ್ತಿತ್ತು. ಬಾವಿ ಕಟ್ಟಲು ಒಂದು ಕಡೆ ಸಪೂರವಿರುವ ಬೆಣೆಯಾಕಾರದ ಇಟ್ಟಿಗೆ ಬಳಸುತ್ತಿದ್ದರು. ಸುತ್ತಲಿನ ಮಣ್ಣು ಒತ್ತಿದಷ್ಟೂ ಅವು ಒಂದಕ್ಕೊಂದು ಬಿಗಿಯಾಗಿ ಕೂರುತ್ತವೆ.

ಇನ್ನು ಚರಂಡಿ. ಬಚ್ಚಲಿನ ನೆಲವೇ ಒಂದು ಮೂಲೆಗೆ ಇಳಿಜಾರು. ಅಲ್ಲಿಂದ ನೀರು ಗೋಡೆಯಾಚೆ ಬಿದ್ದು ಬೀದಿಯ ಇಟ್ಟಿಗೆ ಚರಂಡಿ ಸೇರಬೇಕು. ಮೇಲೆ ಇಟ್ಟಿಗೆ ಅಥವಾ ಕಲ್ಲಿನ ಮುಚ್ಚಳ. ನಡುನಡುವೆ ಗುಂಡಿಗಳು, ಹೂಳು ಅಲ್ಲೇ ತಂಗಲಿ, ನೀರು ಮುಂದೆ ಹೋಗಲಿ ಎಂದು. ಗುಜರಾತಿನ ಲೋಥಲ್‌ನಲ್ಲೂ ಇಂಥ ಚರಂಡಿಗಳು ಸಿಕ್ಕಿವೆ. 1955ರಿಂದ ಅಲ್ಲಿ ಉತ್ಖನನ ನಡೆಸಿದ ಎಸ್.ಆರ್. ರಾವ್ ನಮ್ಮ ಕನ್ನಡಿಗರೇ ಎಂದು ತಿಳಿದು ಖುಷಿಯಾಯಿತು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಈಜಿಪ್ಟಿನವರು ರಾಜನ ಸಮಾಧಿಗೆಂದು ಗಿಜಾದ ಮಹಾ ಪಿರಮಿಡ್ ಕಟ್ಟುತ್ತಿದ್ದರು. ಮೊಹೆಂಜೊದಾರೊದಲ್ಲಿ ಅರಮನೆ ಎಂದು ಬೊಟ್ಟು ಮಾಡಿ ಹೇಳಬಹುದಾದ ಕಟ್ಟಡವೇ ಸಿಕ್ಕಿಲ್ಲ. ಬೆವರು ಬಾವಿಗೆ, ಬಚ್ಚಲಿಗೆ, ಚರಂಡಿಗೆ ಹರಿದಿದೆ. ಹಾಗೆಂದು ಅದು ಸ್ವರ್ಗವಾಗಿರಲಿಲ್ಲ. ಅಂಗಳವಿರುವ ದೊಡ್ಡ ಮನೆಗಳೂ ಇದ್ದವು, ಪುಟ್ಟ ಕೋಣೆಗಳ ಮನೆಗಳೂ ಇದ್ದವು. ಹೂಳಿನ ಗುಂಡಿ ಇತ್ತು ಎಂದರೆ ಅದನ್ನು ಖಾಲಿ ಮಾಡುವ ಕೈಗಳೂ ಇರಲೇಬೇಕಲ್ಲ? ಅವರ ಲಿಪಿಯನ್ನು ಇನ್ನೂ ಯಾರೂ ಸರ್ವಸಮ್ಮತವಾಗಿ ಓದಿಲ್ಲ. ಓದಿದರೂ ಆ ಕೈಗಳ ಹೆಸರು ಅದರಲ್ಲಿರುತ್ತದೆಯೇ ಎಂಬ ಅನುಮಾನ ನನಗೆ.

ಕೊನೆಗಾಲದಲ್ಲಿ ಮೊಹೆಂಜೊದಾರೊ ಕೂಡ ನಮ್ಮ ಬೀದಿಯಂತೆಯೇ ಆಯಿತು. ದೊಡ್ಡ ಮನೆಗಳು ಚಿಕ್ಕಚಿಕ್ಕ ಭಾಗಗಳಾದವು, ಗೋಡೆಗಳು ಬೀದಿಗೆ ಚಾಚಿದವು, ವಸತಿಯ ನಡುವೆಯೇ ಕುಂಬಾರರ ಆವಿಗೆಗಳು ಬಂದವು, ಚರಂಡಿಗಳನ್ನು ಕೇಳುವವರಿಲ್ಲವಾಯಿತು. ಮಳೆಯ ಕೊರತೆ, ನದಿಗಳ ಬದಲಾದ ಪಾತ್ರ ಎಂದು ವಿದ್ವಾಂಸರು ಹಲವು ಕಾರಣ ಕೊಡುತ್ತಾರೆ. ಕ್ರಿಸ್ತಪೂರ್ವ 1900ರ ಹೊತ್ತಿಗೆ ದೊಡ್ಡ ನಗರಗಳು ಬರಿದಾಗತೊಡಗಿದವು. ಹೆಚ್ಚು ಚುಚ್ಚಿದ್ದು ಇನ್ನೊಂದು ಸಂಗತಿ. 19ನೇ ಶತಮಾನದಲ್ಲಿ ಲಾಹೋರ್–ಮುಲ್ತಾನ್ ರೈಲು ಹಳಿ ಹಾಕುವಾಗ ಹರಪ್ಪದ ಇಟ್ಟಿಗೆಗಳನ್ನೇ ಕಿತ್ತು ಹಳಿಯ ಕೆಳಗೆ ತುಂಬಿದರು. ಹಾಗೆ ಮಾಡಿದವರು ನನ್ನ ವೃತ್ತಿಯ ಹಿರಿಯರು, ಎಂಜಿನಿಯರುಗಳು.

ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ಗೆಳೆಯರು ಸೇತುವೆ, ಮೆಟ್ರೊ ಎಂದರು. ನಾನು ನಮ್ಮ ಬೀದಿಯ ಚರಂಡಿ ಎಂದೆ. ನಕ್ಕರು, ಆದರೂ ಜೊತೆಗೆ ಬಂದರು. ಕಾಲೇಜಿನ ಆಟೊ ಲೆವೆಲ್ ತಂದು ಎರಡು ಭಾನುವಾರ ರೀಡಿಂಗ್ ತೆಗೆದೆವು. ಚರಂಡಿಯ ತುದಿ ನಮ್ಮ ಮನೆಯ ಮುಂದಿನ ತಳಕ್ಕಿಂತ ಅರ್ಧ ಅಡಿ ಎತ್ತರದಲ್ಲಿತ್ತು! ‘ನೀರು ಮೇಲಕ್ಕೆ ಹತ್ತುತ್ತಾ ಸಾರ್?’ ನಾವು ಯಂತ್ರವಿಟ್ಟು ಕಂಡುಕೊಂಡಿದ್ದನ್ನು ಅವರ ಕಾಲುಗಳು ಆಗಲೇ ಅಳೆದಿದ್ದವು.

ಮ್ಯಾನ್‌ಹೋಲಿಗೆ ಸುರಕ್ಷತೆಯಿಲ್ಲದೆ ಮನುಷ್ಯರನ್ನು ಇಳಿಸಬಾರದೆಂದು 2013ರಲ್ಲೇ ಕಾನೂನು ಬಂದಿದೆ. ಆದರೂ ಇಳಿದವರು ಮೇಲೆ ಬರದ ಸುದ್ದಿಯನ್ನು ನಾವು ಓದುತ್ತಲೇ ಇದ್ದೇವೆ. ಕಾನೂನು ಮಾಡುವವರಷ್ಟೇ ಹೊಣೆ ನಕ್ಷೆ ಬರೆಯುವವರದ್ದೂ ಹೌದು.

ನಮ್ಮ ನಕ್ಷೆ ಸಿದ್ಧವಾಗಿದೆ. ಅದರಲ್ಲಿ ಸರಿಯಾದ ಇಳಿಜಾರಿದೆ, ಹೂಳು ತಂಗಲು ಗುಂಡಿಗಳಿವೆ, ಮೇಲೆ ನಿಂತೇ ಉದ್ದ ಹಿಡಿಯ ಸಲಿಕೆಯಿಂದ ಹೂಳೆತ್ತುವಷ್ಟು ಅಗಲದ ಮುಚ್ಚಳಗಳಿವೆ. ಸಂಬಂಧಪಟ್ಟ ಕಚೇರಿಗೆ ಕೊಡುವ ಮೊದಲು ಅದನ್ನು ಅವರಿಗೆ ತೋರಿಸಬೇಕು. ಅಂದು ಹೆಸರು ಕೇಳಿರಲಿಲ್ಲ. ಈ ಸಲ ಮೊದಲು ಅದನ್ನೇ ಕೇಳುತ್ತೇನೆ.