ಬೆಳಕಿನಲ್ಲಿ ಮರೆಯಾದ ವಿಭೂತಿ

ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿಯೇ ಬಂದಿತು. ಆದರೆ ಬೆಳಕು ಹೆಚ್ಚಿದಷ್ಟೂ ಭಾವಚಿತ್ರವು ಚೆನ್ನಾಗುವುದೆಂಬ ಭ್ರಮೆ ಆ ಸೀಮೆಯಲ್ಲಿಯೂ ಅಳಿದಿಲ್ಲ. ನೆರೆಯ ಬಂಗಾರಪೇಟೆಯ ಸ್ಟುಡಿಯೋ ಒಂದರಲ್ಲಿ ತೆಗೆಸಿದ ನಮ್ಮ ತಾಯಿಯವರ ಚಿತ್ರದಲ್ಲಿ ಹಣೆಯ ವಿಭೂತಿಯೇ ಕಾಣದಾಗಿತ್ತು. ಎದುರಿನ ಪ್ರಖರ ದೀಪವು ಹಣೆಯನ್ನೆಲ್ಲ ಬಿಳುಪಾಗಿಸಿತ್ತು.

ದೂರವು ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುವುದೆಂಬ ನಿಯಮವನ್ನು ನೆನೆದು, ಮರುಬಾರಿ ದೀಪವನ್ನು ಹಿಂದಕ್ಕೆ ಸರಿಸಿ, ಸುಮಾರು 45 ಡಿಗ್ರಿ ಓರೆಯಾಗಿ, ಕಣ್ಣಿಗಿಂತ ತುಸು ಎತ್ತರದಲ್ಲಿ ಇರಿಸಲಾಯಿತು. ನೆರಳಿನ ಬದಿಗೆ ಹಿಡಿದ ಬಿಳಿಯ ಬಟ್ಟೆಯು ಕಪ್ಪನ್ನು ತಿಳಿಗೊಳಿಸಿತು. ವಿಭೂತಿಯ ಮೂರು ಗೆರೆಗಳೂ ಮುಖದ ಸುಕ್ಕುಗಳೂ ಸ್ಪಷ್ಟವಾಗಿ ಮೂಡಿದವು.

ತಾಯಿಯವರು ಲಿಂಗೈಕ್ಯರಾದ ಮೇಲೆ ಮನೆಯ ಗೋಡೆಯಲ್ಲಿ ಉಳಿದಿರುವುದು ಆ ಚಿತ್ರವೇ. ಹಿರಿಯರು ಇರುವಾಗಲೇ ತೆಗೆಸಿರಿ. ದೀಪವನ್ನು ಸರಿಸುವಂತೆ ಕೇಳಲು ಸಂಕೋಚಪಡಬೇಡಿರಿ.