ರೋಮಕೂಪಗಳಿಗೆ ಬಾಗಿಲಿಲ್ಲ

ಮಾಘ-ಫಾಲ್ಗುಣಗಳಲ್ಲಿ ಬ್ಯಾಡಗಿಯ ಪೇಟೆಯನ್ನು ಹೊಕ್ಕವರಿಗೆ ಮೊದಲು ಬರುವುದು ಸೀನು. ಮೆಣಸಿನಕಾಯಿಯ ಕೆಂಪು ಕಣ್ಣಿಗೆ ಬೀಳುವುದು ಆಮೇಲೆ. ಅಲ್ಲಿಯ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಮೆ ಎಂಬುದು ದಿಟ. ಆದರೂ ದಿನವಿಡೀ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಆ ಮಾತಿನಿಂದ ಸಮಾಧಾನವಾಗದು. ಉರಿಯೆದ್ದೊಡನೆ ನೀರು ಎರಚಿಕೊಳ್ಳುವುದು ವಾಡಿಕೆ. ಖಾರದ ಸತ್ತ್ವವಾದ ಕ್ಯಾಪ್ಸೈಸಿನ್ನಾದರೋ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಆದುದರಿಂದ ಕಣ್ಣಿಗೆ ತಾಗದಂತೆ ಅಡುಗೆಯೆಣ್ಣೆಯನ್ನು ಸವರಿ, ಬಟ್ಟೆಯಿಂದ ಒರೆಸಿ, ಬಳಿಕ ಸಾಬೂನಿನಿಂದ ತೊಳೆಯುವುದು ಲೇಸು. ಆದರೆ ಎಣ್ಣೆಯನ್ನು ಮುಖದ ಮೇಲೆ ಹಾಗೆಯೇ ಬಿಡಲಾಗದು. ಅಲ್ಲಿ ಜಿಡ್ಡಿಗೆ ಮೊದಲೇ ಕೊರತೆಯಿಲ್ಲ.

ನಮ್ಮ ಚರ್ಮದಲ್ಲಿ ಎರಡು ಬಗೆಯ ರಂಧ್ರಗಳುಂಟು. ಬೆವರಿನ ರಂಧ್ರಗಳು ಬಲು ಸಣ್ಣವು. ಕನ್ನಡಿಯ ಮುಂದೆ ನಿಂತವರಿಗೆ ಮೂಗಿನ ಮೇಲೆ ಚುಕ್ಕಿಚುಕ್ಕಿಯಾಗಿ ಕಂಡು ಬೇಸರ ತರಿಸುವಂಥವು ರೋಮಕೂಪಗಳು. ಕೂದಲಿನ ಬುಡದ ಗ್ರಂಥಿಯಿಂದ ಜಿಡ್ಡು ಹೊರಬರುವುದು ಇವುಗಳ ಮೂಲಕವೇ. ಆ ಜಿಡ್ಡಿನೊಡನೆ ಸತ್ತ ಚರ್ಮದ ಕಣಗಳು ಸೇರಿ ದಾರಿ ಕಟ್ಟಿದರೆ ಮೊಡವೆಗೆ ಮೊದಲಾಯಿತು. ಬಾಯಿ ತೆರೆದೇ ಇದ್ದಲ್ಲಿ ಈ ಬಿರಡೆಯ ತುದಿ ಕಪ್ಪಾಗುತ್ತದೆ. ಅದು ಕೊಳೆಯಲ್ಲ, ಎಷ್ಟು ಉಜ್ಜಿದರೂ ಚರ್ಮ ಕೆರಳುವುದೇ ಹೊರತು ಬೇರೆ ಫಲವಿಲ್ಲ.

ಬಿಸಿನೀರಿಗೆ ರಂಧ್ರಗಳು ತೆರೆದುಕೊಳ್ಳುತ್ತವೆ, ತಣ್ಣೀರಿಗೆ ಮುಚ್ಚಿಕೊಳ್ಳುತ್ತವೆ ಎಂಬ ನಂಬಿಕೆ ಹಾವೇರಿ, ರಾಣೆಬೆನ್ನೂರುಗಳಲ್ಲಷ್ಟೇ ಏಕೆ, ಎಲ್ಲೆಲ್ಲಿಯೂ ಬೇರೂರಿದೆ. ಹಾಗೆ ತೆರೆದು ಮುಚ್ಚುವ ಸ್ನಾಯು ರೋಮಕೂಪದ ಬಾಯಿಗಿಲ್ಲ. ಅದರ ಅಗಲವನ್ನು ಗೊತ್ತುಮಾಡುವುವು ವಂಶ, ಜಿಡ್ಡಿನ ಪ್ರಮಾಣ, ವಯಸ್ಸು ಮತ್ತು ಬಿಸಿಲು. ದಿನಕ್ಕೆರಡು ಬಾರಿ ಸೌಮ್ಯವಾದ ಸಾಬೂನು, ಉಗುರುಬೆಚ್ಚಗಿನ ನೀರು, ಹೊರಗೆ ಹೊರಟಾಗ ಕೊಡೆ ಅಥವಾ ಸೆರಗಿನ ಮರೆ: ಇಷ್ಟು ಸಾಕು. ಕಡಲೆಹಿಟ್ಟಿಗೂ ಅಡ್ಡಿಯಿಲ್ಲ, ತಿಕ್ಕದಿದ್ದರೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗಿಳಿದರೆ ಮಾತ್ರ ಸುಟ್ಟ ಕಲೆ ಬೀಳಬಹುದು.

ಇವೆಲ್ಲಕ್ಕಿಂತ ಕೇಡು ಮಾಡುವಂಥದು ನೆರೆಮನೆಯವರ ಮಾತು ಕೇಳಿ ಔಷಧಿಯಂಗಡಿಯಿಂದ ತರುವ ಸ್ಟಿರಾಯ್ಡ್ ಮುಲಾಮು. ಮೊದಲ ಕೆಲವು ವಾರ ಮುಖ ಬೆಳಗುತ್ತದೆ, ಮೊಡವೆ ಅಡಗುತ್ತದೆ. ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಹಿಗ್ಗೋ ಹಿಗ್ಗು! ಬರಬರುತ್ತ ಚರ್ಮ ತೆಳುವಾಗಿ ಕೆಂಪೇರುತ್ತದೆ, ಮೊಡವೆ ಇಮ್ಮಡಿಯಾಗುತ್ತದೆ, ಹಚ್ಚುವುದನ್ನು ಬಿಟ್ಟರೆ ಉರಿ. 2018ರಲ್ಲಿ ಕೇಂದ್ರ ಸರಕಾರವು ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಲಾಗದ ಔಷಧಗಳ ಪಟ್ಟಿಗೆ ಸೇರಿಸಿತು. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿಕೊಂಡವರು ತಾವೇ ತಟ್ಟನೆ ನಿಲ್ಲಿಸದೆ, ಆ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಮವೈದ್ಯರನ್ನು ಕಾಣಬೇಕು.