ಎಂಜಿನ್ನಿನ ಕೀಲೆಣ್ಣೆ: ಖನಿಜ ತೈಲವೋ, ಸಂಶ್ಲೇಷಿತ ತೈಲವೋ?

ಅಚ್ಚಿಗೆ ಕೀಲೆಣ್ಣೆ ಸವರದೆ ಗಾಡಿ ಕಟ್ಟಬಾರದೆಂಬುದು ನಮ್ಮ ರೈತರು ಅನುಭವದಿಂದ ಕಂಡುಕೊಂಡ ನಿಯಮ. ಮೋಟಾರು ವಾಹನಕ್ಕೂ ಇದೇ ನಿಯಮವು ಅನ್ವಯಿಸುತ್ತದೆ. ಆದರೆ ಎಂಜಿನ್ನಿನ ಎಣ್ಣೆಗೆ ಹೊಣೆ ಹೆಚ್ಚು: ಘರ್ಷಣೆಯನ್ನು ತಗ್ಗಿಸಬೇಕು, ಶಾಖವನ್ನು ಒಯ್ಯಬೇಕು, ಮಸಿಯನ್ನು ತನ್ನಲ್ಲಿ ಹಿಡಿದಿಡಬೇಕು, ತುಕ್ಕನ್ನು ತಡೆಯಬೇಕು. ಅಂಗಡಿಯಲ್ಲಿ ಸಾಧಾರಣ ಖನಿಜ ತೈಲವೂ, ಅದಕ್ಕಿಂತ ಬೆಲೆ ಹೆಚ್ಚಾದ ‘ಸಿಂಥೆಟಿಕ್’ ಅಂದರೆ ಸಂಶ್ಲೇಷಿತ ತೈಲವೂ ಅಕ್ಕಪಕ್ಕದಲ್ಲಿರುವಾಗ ಯಾವುದನ್ನು ಕೊಳ್ಳುವುದು ಉಚಿತ?

ಕಚ್ಚಾ ತೈಲವನ್ನು ಶುದ್ಧೀಕರಿಸಿ ಪಡೆಯುವುದು ಖನಿಜ ತೈಲ. ಅದರಲ್ಲಿ ಹಲವು ಗಾತ್ರದ, ಹಲವು ರಚನೆಯ ಅಣುಗಳು ಬೆರೆತಿರುತ್ತವೆ. ಸಂಶ್ಲೇಷಿತ ತೈಲದಲ್ಲಾದರೋ ಅಣುಗಳನ್ನು ರಾಸಾಯನಿಕ ಕ್ರಿಯೆಯಿಂದ ಬೇಕಾದಂತೆ ಕಟ್ಟಲಾಗುತ್ತದೆ, ಇಲ್ಲವೆ ಖನಿಜ ತೈಲದ ಅಣುಗಳನ್ನೇ ತೀವ್ರವಾಗಿ ಮಾರ್ಪಡಿಸಲಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ಬೆಳೆದ ಈ ವಿದ್ಯೆ ಮುಂದೆ ಜೆಟ್ ವಿಮಾನಗಳಿಗೆ ಒದಗಿ, 1970ರ ದಶಕದಲ್ಲಿ ಸಾಮಾನ್ಯ ಕಾರುಗಳಿಗೂ ಬಂದಿತು.

ಅಣುಗಳು ಒಂದೇ ಬಗೆಯವಾದುದರಿಂದ ಈ ತೈಲವು ಚಳಿಯಲ್ಲಿ ಬೇಗ ಮಂದವಾಗದು, ಕಡುಶಾಖದಲ್ಲಿ ಬೇಗ ಕೆಡದು. ಹಿಮ ಬೀಳುವ ನಾಡಿನಲ್ಲಿ ಮೊದಲನೆಯ ಗುಣವೇ ದೊಡ್ಡದು. ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವ ರಾಯಚೂರು, ಕಲಬುರಗಿಗಳಲ್ಲಿ ಎರಡನೆಯದಕ್ಕೆ ಬೆಲೆ ಹೆಚ್ಚು. ಟರ್ಬೊ ಎಂಜಿನ್ನುಗಳಿಗೆ, ಭಾರ ಹೊತ್ತು ಘಟ್ಟ ಏರುವ ವಾಹನಗಳಿಗೆ ಇದು ನಿಜವಾಗಿ ಉಪಯುಕ್ತ.

ಆದರೆ ಬೆಲೆಗಿಂತ ಮೊದಲು ನೋಡತಕ್ಕದ್ದು ವಾಹನದ ಕೈಪಿಡಿಯನ್ನು. ಅದರಲ್ಲಿ 5ಡಬ್ಲ್ಯು-30, 20ಡಬ್ಲ್ಯು-40 ಎಂಬಂತೆ ದರ್ಜೆಯನ್ನು ನಮೂದಿಸಿರುತ್ತಾರೆ. ಮೊದಲ ಅಂಕಿ ಚಳಿಯಲ್ಲಿ ಹರಿಯುವ ಶಕ್ತಿಯನ್ನು, ಎರಡನೆಯದು ಕಾದ ಎಂಜಿನ್ನಿನಲ್ಲಿ ಉಳಿಯುವ ಸ್ನಿಗ್ಧತೆಯನ್ನು ಸೂಚಿಸುತ್ತದೆ. 0ಡಬ್ಲ್ಯು-20 ಬೇಡುವ ಹೊಸ ಕಾರಿಗೆ ಸಂಶ್ಲೇಷಿತ ತೈಲವೇ ಗತಿ. ಖನಿಜ ತೈಲವನ್ನೇ ಸೂಚಿಸಿರುವ ಹಳೆಯ ವಾಹನಕ್ಕೆ, ಅದನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದರೆ ಅಷ್ಟೇ ಸಾಕು. ಬಹುತೇಕ ಮೋಟಾರ್ ಸೈಕಲ್ಲುಗಳಲ್ಲಿ ಕ್ಲಚ್ಚು ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಘರ್ಷಣೆಯನ್ನು ಅತಿಯಾಗಿ ತಗ್ಗಿಸುವ ಕಾರಿನ ಎಣ್ಣೆಯನ್ನು ಹಾಕಿದರೆ ಕ್ಲಚ್ಚು ಜಾರಬಹುದು. ಆದುದರಿಂದ ‘ಜಾಸೊ ಎಂಎ’ ಗುರುತಿನ ಎಣ್ಣೆಯೇ ಅಲ್ಲಿ ಯೋಗ್ಯ.

ಒಮ್ಮೆ ಸಂಶ್ಲೇಷಿತ ತೈಲ ಹಾಕಿದವರು ಮರಳಿ ಖನಿಜ ತೈಲಕ್ಕೆ ಬರಬಾರದೆಂಬ ಮಾತಿಗೆ ಆಧಾರವಿಲ್ಲ. ಅದಕ್ಕಿಂತ ಅಪಾಯಕರವಾದ ಭ್ರಮೆ ಇನ್ನೊಂದುಂಟು: ದುಬಾರಿ ಎಣ್ಣೆ ಹಾಕಿದ ಮೇಲೆ ಮಟ್ಟ ನೋಡುವ, ಅವಧಿಗೆ ಸರಿಯಾಗಿ ಬದಲಿಸುವ ಕಷ್ಟ ತಪ್ಪಿತೆಂಬುದು. ಎಣ್ಣೆ ತಗ್ಗಿ ಎಂಜಿನ್ ಸೀಜ್ ಆದರೆ, ಬಾಡಿಗೆ ವಾಹನವನ್ನೇ ನಂಬಿದ ಕುಟುಂಬಕ್ಕೆ ಅನ್ನದ ದಾರಿಯೇ ನಿಂತಂತೆ. ಉತ್ತಮ ಎಣ್ಣೆಯು ಮಾಲಿಕನ ಎಚ್ಚರಕ್ಕೆ ನೆರವಾಗಬಲ್ಲುದೇ ಹೊರತು ಅದರ ಸ್ಥಾನವನ್ನು ತುಂಬಲಾರದು.